ಮಸಗುಪ್ಪಿ ಕಾಟಾಕ್ಕೆ ಹೊಸ ವರ್ಷನ್

ಪ್ರೋಗ್ರಾಂ ಬರೆಯುವವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿ ವಿಳಾಸ ಕೇಳಿಕೊಂಡು ಬರುತ್ತದೆ. ಗೋಕಾಕದಲ್ಲಿ ಕೂತು ಸುತ್ತಲಿನ ಕಾಟಾಗಳಿಗೆ, ಅಂದರೆ ಕಬ್ಬಿನ ಗಾಡಿ ತೂಗುವ ವೇಬ್ರಿಜ್‌ಗಳಿಗೆ, ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಹಳೆಯದನ್ನೆಲ್ಲ ಕಿತ್ತೆಸೆಯಬೇಕು ಎನ್ನುವ ಪಕ್ಷ ನನ್ನದು.

೧. ಯಾರನ್ನ ಕೇಳಿ?

ಮಸಗುಪ್ಪಿಯ ಕಾಟಾ ಮಾಲೀಕರು ಹೊಸ ಕಂಪ್ಯೂಟರ್ ತಂದರು. ಹಳೆ ಪ್ರೋಗ್ರಾಂ ಅದರಲ್ಲಿ ಏಳಲೇ ಇಲ್ಲ. ಪ್ರೋಗ್ರಾಂ ಬರೆಯುವ ಭಾಷೆಯ ಹೊಸ ವರ್ಷನ್‌ನಲ್ಲಿ ಹಲವು ಹಳೆ ಕಮಾಂಡ್ ತೆಗೆದುಹಾಕಿದ್ದರು. ನನಗೆ ಖುಷಿಯೇ ಆಯಿತು. ಆ ಪ್ರೋಗ್ರಾಂ ಬರೆದವರು, ನನಗೂ ಕಂಪ್ಯೂಟರ್ ಕಲಿಸಿದವರು, ಹುಕ್ಕೇರಿಯ ನಿವೃತ್ತ ಮಾಸ್ತರರು. ಫೋನ್ ಮಾಡಿದೆ.

"ಸರ್, ನೀವು ಬರದ ಕಮಾಂಡ್ ಎಲ್ಲಾ ತಗದಾರ್ರಿ."

"ಯಾರನ್ನ ಕೇಳಿ ತಗದ್ರು?"

"ಅದಕ್ಕೊಂದು ಕಮಿಟಿ ಐತ್ರಿ."

"ಕಮಿಟ್ಯಾಗ ಹುಕ್ಕೇರಿಯವ್ರು ಒಬ್ರರೆ ಅದಾರೇನು?"

೨. ಎಮ್ಮೆಯ ಬಾಗಿಲು

ಸಮಾಧಾನ ಮಾಡಲು ಮನೆಗೇ ಹೋದೆ. ಮಾಸ್ತರರು ಮುಂದೆ ಹೊಸ ಬಾಗಿಲು ಮಾಡಿಸಿದ್ದರು, ಬಾಜೂಕ್ಕೆ ಹಳೆಯದೂ ತೆರೆದೇ ಇತ್ತು.

"ಇದನ್ಯಾಕ ಮುಚ್ಚಿಲ್ರಿ ಸರ್?"

"ನಮ್ಮ ಎಮ್ಮಿ ಇದರಾಗ ಬರತೈತಿ. ಹೊಸಾ ಬಾಗಲಾ ಆಗೇತಿ ಅಂತ ನೀನ ಹೋಗಿ ಅದಕ್ಕ ಹೇಳು. ಭಾಷಾನೂ ಹಂಗ. ನಂಬಿ ಬಂದವ್ರ ಹಾದಿ ಬಂದ್ ಮಾಡಬಾರ್ದು."

ನಾನು ಬಿಡುವ ಆಸಾಮಿಯಲ್ಲ. "ಹಳೇ ಬಾಗಲಾ ತಗದಿಟ್ರ ಕಳ್ಳರೂ ಬರ್ತಾರ್ರಿ."

"ಬರ್ಲಿ. ಎಮ್ಮಿ ಕೊಂಬಿಲೆ ಹಾಯ್ತೈತಿ."

೩. ಕುಂಯ್

ನನ್ನ ಹೊಸ ಪ್ರೋಗ್ರಾಂ ಚಾಲೂ ಆದ ದಿನ ಮಾಲೀಕರು ಮೊದಲೇ ಹೇಳಿಬಿಟ್ಟರು: "ಇವತ್ತ ಗಾಡಿ ನಿಂತ್ವಂದ್ರ ನಾಳೆ ಬ್ಯಾರೇದವ್ರನ್ನ ಕರಸ್ತೀನಿ."

ಮೊದಲ ಟ್ರ್ಯಾಕ್ಟರ್ ಕಾಟಾ ಏರಿತು. ತೂಕ ಬಂತು, ಚೀಟಿಯೂ ಬಂತು. ಡ್ರೈವರ್ ಮಾತ್ರ ಕದಲಲಿಲ್ಲ.

"ಆತ್ರಿ ಕಾಕಾ, ಮುಂದ ನಡೀರಿ."

"ಇನ್ನೂ ಕುಂಯ್ ಅಂದಿಲ್ಲಲ್ಲೋ ತಮ್ಮಾ!"

ತೂಕದ ಅಂಕಿ ನಿಂತ ಕೂಡಲೇ ಹಳೆ ಪ್ರೋಗ್ರಾಂ ಕುಂಯ್ ಎನ್ನುತ್ತಿತ್ತು. ಆ ಕಮಾಂಡ್ ಹೊಸ ವರ್ಷನ್‌ನಲ್ಲಿರಲಿಲ್ಲ. ಬೇಡದ ಗದ್ದಲ ಎಂದು ನಾನೂ ಕೈಬಿಟ್ಟಿದ್ದೆ. ಕುಂಯ್ ಕೇಳದೆ ಇಳಿದರೆ ತೂಕ ಸುಳ್ಳಾಗುತ್ತದೆ ಎಂಬುದು ಅಲ್ಲಿನ ಡ್ರೈವರುಗಳ ಗಟ್ಟಿ ನಂಬಿಕೆ. ಗಾಡಿಗಳ ಸಾಲು ಮೂಡಲಗಿ ರಸ್ತೆ ಮುಟ್ಟಿತು, ಹಾರ್ನ್ ಶುರುವಾಯಿತು, ಮಾಲೀಕರು ನನ್ನತ್ತ ನೋಡಿದರು. ಕೆಲಸ ಹೋಗುವ ಭಯಕ್ಕೆ ನಾಚಿಕೆ ಬಿಟ್ಟೆ. ಕಾಟಾ ಕೋಣೆಯ ಕಿಟಕಿಯ ಕೆಳಗೆ ಬಗ್ಗಿ ಬಾಯಿಂದಲೇ "ಕುಂಯ್" ಎಂದೆ. ಟ್ರ್ಯಾಕ್ಟರ್ ಹೊರಟಿತು! ಸಂಜೆಯವರೆಗೆ ಹಾಗೆಯೇ ಕುಂಯ್‌ಗುಟ್ಟಿದೆ. ಒಂದು ಗಾಡಿಯೂ ನಿಲ್ಲಲಿಲ್ಲ.

ಮಾಲೀಕರು ಬೆನ್ನು ತಟ್ಟಿದರು. "ಪ್ರೋಗ್ರಾಂ ಪಾಸಾತ್ರಿ! ನಾಳೆ ಏಳಕ್ಕ ಬಂದ್ಬಿಡ್ರಿ. ಕಬ್ಬಿನ ಹಂಗಾಮ ಮುಗಿಯೂ ಮಟ ನೀವ ಕುಂಯ್ ಅನ್ರಿ."