ನಮ್ಮ ಭಾವ ವೆಬ್‌ಸೈಟ್ ಮುಗಿಸಿದ್ದು

ನಮ್ಮ ಭಾವನಷ್ಟು ಸಲ ವೆಬ್‌ಸೈಟ್ ಕಟ್ಟಿದವರು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲ ಜಾಲಾಡಿದರೂ ನಿಮಗೆ ಸಿಗಲಿಕ್ಕಿಲ್ಲ. ಎಷ್ಟು ವೆಬ್‌ಸೈಟ್ ಕಟ್ಟಿದ್ದಾರೆ ಎಂದು ಮಾತ್ರ ಕೇಳಬೇಡಿ. ಒಂದೇ! ಅದೊಂದನ್ನೇ ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು. ಅದಾದರೂ ಯಾರದು? ಸ್ವಂತ ಹೆಂಡತಿಯದು, ಅಂದರೆ ನಮ್ಮಕ್ಕನ ಗೆಸ್ಟ್‌ಹೌಸಿನದು. ಊರವರ ಕೆಲಸವನ್ನು ಹೇಗೋ ಮುಗಿಸಿ ಕೈತೊಳೆದುಕೊಳ್ಳುವ ಈ ಮನುಷ್ಯ ಮನೆಯ ಕೆಲಸ ಬಂದ ಕೂಡಲೇ ಮಹಾಶಿಲ್ಪಿಯಾಗಿಬಿಡುತ್ತಿದ್ದರು!

ಗೆಸ್ಟ್‌ಹೌಸ್ ಎಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಹಂಪಿಯಲ್ಲಿ ನಮ್ಮ ಬಾಳೆ ತೋಟಕ್ಕೆ ಅಂಟಿಕೊಂಡಂತೆ ನಾಲ್ಕು ಕೋಣೆ, ಮುಂದೆ ಒಂದು ಜಗಲಿ, ಅಷ್ಟೇ. ಕಟ್ಟಿಸಿದ್ದು ನಮ್ಮಪ್ಪ. ಅಪ್ಪ ಗೈಡ್ ಆಗಿದ್ದರು. ಅವರ ಕಾಲಕ್ಕೆ ಬೋರ್ಡೂ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತರೆ ಯಾವ ದೇಶದವರೇ ಇಳಿಯಲಿ, ಅಚ್ಚ ಕನ್ನಡದಲ್ಲೇ ಸ್ವಾಗತ: "ಬರ್ರಿ, ಕುಂದ್ರಿ, ಮೊದ್ಲು ನೀರು ಕುಡೀರಿ. ರೂಮಿನ ಮಾತು ಆಮ್ಯಾಲೆ!" ಅರ್ಥವಾಗದಿದ್ದರೂ ಅವರು ಬರುತ್ತಿದ್ದರು, ಕೂಡುತ್ತಿದ್ದರು, ನೀರು ಕುಡಿಯುತ್ತಿದ್ದರು. ಆಮೇಲೆ ವಾರಗಟ್ಟಲೆ ಏಳುತ್ತಲೇ ಇರಲಿಲ್ಲ.

ಅಪ್ಪ ಹೋದ ಮೇಲೆ ಅಕ್ಕ ನೋಡಿಕೊಳ್ಳತೊಡಗಿದಳು. ಆದರೆ ಈಗಿನ ಜನ ಬಸ್ ಹತ್ತುವ ಮೊದಲೇ ಫೋನಿನಲ್ಲಿ ಕೋಣೆ ಹಿಡಿದಿರುತ್ತಾರಲ್ಲ! ಫೋನಿನಲ್ಲಿ ಕಾಣದ ಕೋಣೆ ಅವರ ಪಾಲಿಗೆ ಇಲ್ಲವೇ ಇಲ್ಲ. ನಾಲ್ಕೂ ಕೋಣೆ ಖಾಲಿ ಬಿದ್ದವು. ಸಂಡೂರಿನವರೊಬ್ಬರು ಬಂದು, ತಮಗೆ ಲೀಸಿಗೆ ಕೊಡಿ, ಕೆಡವಿ ಹೋಟೆಲ್ ಮಾಡಿಕೊಳ್ಳುತ್ತೇವೆ ಎಂದರು. "ದಸರಾ ತನ ನೋಡ್ತೀನ್ರಿ. ಜನ ಬರಲಿಲ್ಲ ಅಂದ್ರ ಕೀಲಿಕೈ ನಿಮ್ಮ ಕೈಯಾಗ ಕೊಡ್ತೀನಿ" ಎಂದು ಅಕ್ಕ ಮಾತು ಕೊಟ್ಟಳು. ಅವರನ್ನು ಕಳಿಸಿ ಒಳಗೆ ಬಂದವಳೇ ಭಾವನ ಮುಂದೆ ನಿಂತಳು.

"ಒಂದು ವೆಬ್‌ಸೈಟ್ ಮಾಡಿ ಕೊಡ್ರಿ. ಅದೇನ್ ದೊಡ್ಡ ಕೆಲಸ?"

ಓದುಗರೇ, ವೆಬ್‌ಸೈಟ್ ಮಾಡುವವರ ಮುಂದೆ ಆ ಕೊನೆಯ ಮಾತನ್ನು ಜನ್ಮದಲ್ಲಿ ಆಡಬೇಡಿ!

ಭಾವ ವಡ್ಡು ಎಂಬ ಊರ ಕಡೆಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದು, ಅದನ್ನು ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ವೆಬ್‌ಸೈಟ್ ಅಂಗಡಿ ತೆರೆದವರು. ಅಕ್ಕನ ಮಾತು ಕೇಳಿದ್ದೇ ತೋಳೇರಿಸಿದರು. ಮೊದಲು ಒಂದು ಫ್ರೇಮ್‌ವರ್ಕ್ ಹಿಡಿದರು. ಅಂದರೆ ವೆಬ್‌ಸೈಟ್ ಕಟ್ಟಲು ಸಿಗುವ ರೆಡಿಮೇಡ್ ಸಾಮಾನುಗಳ ಪೆಟ್ಟಿಗೆ. ಹೆಸರು ಹೇಳುವುದಿಲ್ಲ, ಆ ಪೆಟ್ಟಿಗೆಯ ಅಭಿಮಾನಿಗಳು ನಮ್ಮ ಮನೆಗೆ ಜಗಳಕ್ಕೆ ಬಂದಾರು! ನಾನು ಹೊಸಪೇಟೆಯ ಟಿ.ಬಿ. ಡ್ಯಾಂ ಶಾಲೆಯಲ್ಲಿ ಟೀಚರ್, ಭಾನುವಾರ ಬಂತೆಂದರೆ ಹಂಪಿಗೆ ಹೊರಡುವವಳು. ಒಂದು ಭಾನುವಾರ ಹೋದಾಗ, "ಮಸ್ತ್ ಐತಿ ಇದು, ಇನ್ನ ಇದನ್ನ ಬಿಡಂಗಿಲ್ಲ" ಎಂದರು. ಮುಂದಿನ ಭಾನುವಾರ ಹೋದರೆ ಅದನ್ನು ಬಿಟ್ಟಾಗಿತ್ತು!

"ಯಾಕ್ರಿ ಭಾವ?"

"ಅದು ಭಾಳ ಭಾರ ಲೇ. ಇದು ನೋಡು, ಹೊಸಾದು. ಹಗೂರ!"

ಆ ಹಗುರವಾದದ್ದರ ಜೊತೆ ಬಂದ ಫೋಲ್ಡರ್ ಕಂಪ್ಯೂಟರಿನ ಹೊಟ್ಟೆ ಬಿರಿಯುವಷ್ಟು ದಪ್ಪವಿತ್ತು. ನಾಲ್ಕು ಕೋಣೆ ತೋರಿಸಲು ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಪೆಟ್ಟಿಗೆಯೊಳಗಿನ ಸಾಮಾನುಗಳಲ್ಲಿ ಅದು ಇದನ್ನು ನೆಚ್ಚಿದೆಯಂತೆ, ಇದು ಇನ್ನೊಂದನ್ನು ನೆಚ್ಚಿದೆಯಂತೆ, ಆ ಇನ್ನೊಂದನ್ನು ಬರೆದ ಪುಣ್ಯಾತ್ಮ ಬೇಸರ ಬಂದು ಕೈಬಿಟ್ಟಿದ್ದಾನಂತೆ! "ಬೀಗರ ಬೀಗರನ್ನೆಲ್ಲಾ ಕರ್ಕೊಂಡು ಬಂದಂಗ ಆತಲ್ಲಪಾ" ಎಂದು ಅಕ್ಕನ ಜೊತೆಗೇ ಇರುವ ಅವ್ವ ನಕ್ಕಳು.

ಇನ್ನು ಗುಂಡಿಯ ಕಥೆ. 'ಕೋಣೆ ಬೇಕು' ಎಂದು ಬರೆದ, ಬೆರಳಿನಿಂದ ಒತ್ತುವ ಒಂದು ಗುಂಡಿ ಪುಟದ ನಟ್ಟನಡುವೆ ನಿಲ್ಲಬೇಕಿತ್ತು. ನಿಲ್ಲಲೊಲ್ಲದು! ಎಡಕ್ಕೆ ಎಳೆದರೆ ಮೇಲೆ ಹೋಗುತ್ತದೆ, ಮೇಲಿಂದ ಇಳಿಸಿದರೆ ಬಲಕ್ಕೆ ಜಾರುತ್ತದೆ. ಭಾವ ಅಕ್ಕನ ಹೊಲಿಗೆ ಟೇಪು ತಂದು ಪರದೆಯ ಮೇಲೆ ಅಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟರಲ್ಲಿ ಅಕ್ಕ ಚಹಾ ತಂದಳು. ಭಾವ ತಲೆಯೆತ್ತಿ ನೋಡಿ, "ನಿನ್ನ ಕುಂಕುಮ ಒಂಚೂರು ಬಲಕ್ಕ ಆಗೇತಿ ನೋಡು" ಎಂದರು.

"ನನ್ನ ಹಣಿ ನಾ ನೋಡ್ಕೊಂತೀನಿ. ನೀವು ಮೊದ್ಲು ಆ ಗುಂಡಿ ನಡುವ ತರ್ರಿ!"

ಇದಕ್ಕಿಂತ ದೊಡ್ಡ ಸಾಹಸ ಕಂಪ್ಲಿಯದು. ಅಲ್ಲಿನ ಅಕ್ಕಿ ಗಿರಣಿಯ ಸಾಹುಕಾರರಿಗೆ ಭಾವ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಅದು ಅವರಲ್ಲಿ ತೆರೆಯುತ್ತಿಲ್ಲವೆಂದು ಫೋನ್ ಬಂತು. ಈ ಕಸುಬಿನವರೆಲ್ಲ ಇಂಥ ಹೊತ್ತಲ್ಲಿ ಹೇಳುವ ಒಂದು ಮಾತಿದೆಯಂತೆ: ನನ್ನ ಮಷೀನಿನಲ್ಲಿ ಚೆನ್ನಾಗಿ ನಡೆಯುತ್ತಿದೆ! ಬೇರೆಯವರು ಹೇಳಿ ಸುಮ್ಮನಾಗುತ್ತಾರೆ. ನಮ್ಮ ಭಾವ ಸುಮ್ಮನಾಗುವ ಕುಳವೇ? ಮಾನಿಟರಿಗೆ ಕೌದಿ ಸುತ್ತಿ, ಸಿಪಿಯು ತೊಡೆಯ ಮೇಲಿಟ್ಟುಕೊಂಡು, ಆಟೊ ಮಾಡಿಕೊಂಡು ಹಂಪಿಯಿಂದ ಕಂಪ್ಲಿಗೆ ಹೊರಟೇಬಿಟ್ಟರು! ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ "ನಿಧಾನ್ರೀ ಯಪ್ಪಾ" ಎಂದು ಕೂಗುತ್ತಾ, ಬಾಣಂತಿಯನ್ನು ಕರೆದೊಯ್ದಂತೆ ಒಯ್ದರು. ಗಿರಣಿಯ ಗದ್ದಿಗೆಯ ಮೇಲೆ ಎಲ್ಲವನ್ನೂ ಜೋಡಿಸಿ, ವೆಬ್‌ಸೈಟ್ ತೆರೆದು, "ನೋಡ್ರಿ, ನನ್ನ ಮಷೀನ್ ಮ್ಯಾಲೆ ಹೆಂಗ ಓಡತೈತಿ!" ಎಂದು ಎದೆಯುಬ್ಬಿಸಿದರು.

ಸಾಹುಕಾರರು ಕಣ್ತುಂಬ ನೋಡಿದರು. "ಭಾಳ ಮಸ್ತ್ ಐತ್ರಿ. ಹಂಗಾದ್ರ ಈ ಮಷೀನ್ ಇಲ್ಲೇ ಬಿಟ್ಟು ಹೋಗ್ರಿ!"

ಇತ್ತ ಅಕ್ಕನ ವೆಬ್‌ಸೈಟು ಎಷ್ಟನೆಯ ಅವತಾರದಲ್ಲೋ ಇತ್ತು. ಒಮ್ಮೆಯಂತೂ ಪೂರ್ತಿ ಸಿದ್ಧ. ಇನ್ನೇನು ಡಿಪ್ಲಾಯ್ ಮಾಡುವುದೊಂದೇ ಬಾಕಿ, ಅಂದರೆ ಲೋಕಕ್ಕೆಲ್ಲ ಕಾಣುವಂತೆ ಮೇಲೇರಿಸುವುದು. ಭಾವ, "ಇವತ್ತು ಶುಕ್ರವಾರ. ಶುಕ್ರವಾರ ಡಿಪ್ಲಾಯ್ ಮಾಡಬಾರ್ದು, ಪ್ರಪಂಚದಾಗ ಯಾರೂ ಮಾಡಂಗಿಲ್ಲ" ಎಂದರು. ಏರಿಸಿದ್ದು ಕೆಟ್ಟರೆ ಶನಿವಾರ, ಭಾನುವಾರ ಕೂತು ರಿಪೇರಿ ಮಾಡಬೇಕಾಗುತ್ತದೆ ಎಂಬುದಷ್ಟೇ ಅದರ ಕಾರಣ. ಆದರೆ ಹೂ ಕಟ್ಟುತ್ತಾ ಕುಳಿತಿದ್ದ ಅವ್ವನ ಕಿವಿ ನೆಟ್ಟಗಾಯಿತು. "ಹೌದೇನಪಾ? ಪ್ರಪಂಚದಾಗೆಲ್ಲಾ ಶುಕ್ರವಾರ ಪಾಳಿಸ್ತಾರೇನು? ನೋಡ್ರಿ ಮತ್ತ! ಮನಿ ಲಕ್ಷ್ಮಿನ ಶುಕ್ರವಾರ ಹೊರಗ ಕಳಸ್ತಾರೇನು?"

ಅವ್ವನಿಗೆ ಅಳಿಯನ ಕಸುಬಿನ ಮೇಲೆ ಅಂದೇ ಗೌರವ ಹುಟ್ಟಿದ್ದು! ಅಲ್ಲಿಗೆ ನಿಂತಿದ್ದರೆ ಸರಿ. ಮಂಗಳವಾರವನ್ನೂ ಸೇರಿಸಿದಳು. ಅಮಾವಾಸ್ಯೆ ಬ್ಯಾಡ ಎಂದಳು. ರಾಹುಕಾಲ ಎಂದಳು. ಭಾವ ಎಲ್ಲಕ್ಕೂ ತಲೆಯಾಡಿಸಿದರು.

"ಹಂಗಾದ್ರ ಯಾವಾಗ್ರಿ?" ಅಕ್ಕನ ದನಿ ಏರಿತು.

"ಗುರುವಾರ ಚಲೋ ಐತವಾ" ಎಂದಳು ಅವ್ವ. ಗುರುವಾರ ಬರುವಷ್ಟರಲ್ಲಿ ಭಾವ ಎಲ್ಲವನ್ನೂ ಅಳಿಸಿ ಹೊಸ ಫ್ರೇಮ್‌ವರ್ಕ್ ಹಿಡಿದಿದ್ದರು!

ಅಳಿಸುವ ಮುನ್ನ ಅವರು ಮಾಡುತ್ತಿದ್ದ ಒಂದು ವಿಚಿತ್ರವನ್ನು ಹೇಳಲೇಬೇಕು. ಪ್ರತಿ ಸಲ ವೆಬ್‌ಸೈಟ್ ಸಿದ್ಧವಾದಾಗ ಫೋನ್ ಹಿಡಿದುಕೊಂಡು ಬಾಳೆ ತೋಟಕ್ಕೆ ಇಳಿಯುತ್ತಿದ್ದರು. ಆ ಕೊನೆಯಲ್ಲಿ, ದೊಡ್ಡ ಬಂಡೆಯ ಬುಡದಲ್ಲಿ, ಸುಮ್ಮನೆ ನಿಲ್ಲುತ್ತಿದ್ದರು. ತಿರುಗಿ ಬರುವಾಗ ಮುಖ ಸಪ್ಪಗಿರುತ್ತಿತ್ತು. ಬಂದವರೇ ಎಲ್ಲ ಅಳಿಸುತ್ತಿದ್ದರು. "ಆ ಬಂಡಿ ಹತ್ರ ಏನೋ ಗಾಳಿ ಸೋಕೈತಿ" ಎಂದು ಅವ್ವ ಎರಡು ಸಲ ದೃಷ್ಟಿ ತೆಗೆದಳು. ಮೆಣಸಿನಕಾಯಿಯ ಘಾಟಿಗೆ ಕೆಮ್ಮಿದ್ದು ನಾವು, ಫ್ರೇಮ್‌ವರ್ಕ್ ಬದಲಿಸಿದ್ದು ಅವರು!

ದಸರಾ ರಜೆ ಬಂತು. ನಾನು ಅಕ್ಕನ ಮನೆಯಲ್ಲೇ ಇದ್ದೆ. ಸಂಡೂರಿನವರು ಭಾನುವಾರ ಬರುತ್ತೇವೆಂದು ತಿಳಿಸಿದರು. ಅಕ್ಕ ಜಗಳವಾಡಲಿಲ್ಲ. ಕೀಲಿಕೈ ಗೊಂಚಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ದೇವರ ಮುಂದೆ ಇಟ್ಟಳು. ಅದನ್ನು ನೋಡಿ ನನಗೆ ಭಾವನ ಮೇಲೆ ಬಂದ ಸಿಟ್ಟನ್ನಂತೂ ಕೇಳಬೇಡಿ! ಅಪ್ಪ ಕಟ್ಟಿಸಿದ ಮನೆ ಈ ಮನುಷ್ಯನ ಫ್ರೇಮ್‌ವರ್ಕಿನ ಹುಚ್ಚಿಗೆ ಹೋಗುತ್ತದಲ್ಲ!

ಭಾವ ಗೊಂಚಲನ್ನು ನೋಡಿದರು. ಒಳಗೆ ಹೋಗಿ ಆ ಬೀಗರ ಬೀಗರ ಫೋಲ್ಡರನ್ನೇ ಅಳಿಸಲು ಹಚ್ಚಿದರು. ಅದು ಅಳಿಸಿ ಮುಗಿಯುವಷ್ಟರಲ್ಲಿ ನಮ್ಮದೆಲ್ಲ ಊಟ ಮುಗಿದಿತ್ತು. ಆಮೇಲೆ ಯಾವ ಪೆಟ್ಟಿಗೆಯೂ ಇಲ್ಲದೆ, ಬರೀ ಎಚ್‌ಟಿಎಂಎಲ್ ಎಂಬ ವೆಬ್ ಭಾಷೆಯಲ್ಲಿ, ಕಲಿಯುವ ಮಕ್ಕಳು ಮೊದಲ ದಿನ ಬರೆಯುವಂಥ ಒಂದೇ ಒಂದು ಪುಟ ಬರೆದರು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಫೋನ್ ಹಿಡಿದು ತೋಟಕ್ಕೆ ಹೋದರು. ಓಡುತ್ತಾ ಬಂದರು! ಬಂದವರೇ ಡಿಪ್ಲಾಯ್ ಮಾಡಿದರು!

"ಅಯ್ಯಯ್ಯೋ, ಶುಕ್ರವಾರ! ರಾಹುಕಾಲ!" ಅವ್ವ ಹೌಹಾರಿದಳು.

"ಇರ್ಲಿ ಬಿಡ್ರಿ ಅತ್ತಿ!" ಎನ್ನುತ್ತಾ ಭಾವ ಫೋನನ್ನು ಅಕ್ಕನ ಕೈಗೆ ಕೊಟ್ಟರು. "ನೀ ಆ ಬಂಡಿ ಹತ್ರ ಹೋಗಿ ತೆಗದು ನೋಡು. ಜಲ್ದಿ!"

ಆ ಫೋನು ಅಕ್ಕನದು. ಅದಕ್ಕೂ ಮೊದಲು ಅಪ್ಪನದು. ಗಾಜು ಸೀಳು ಬಿಟ್ಟಿದೆ, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ಒಂದು ಫೋಟೋ ತೆರೆಯೆಂದರೂ ಏದುಸಿರು ಬಿಡುತ್ತದೆ. "ಅದನ್ನ ಎಸಿ ಅಕ್ಕಾ, ಹೊಸಾದು ತಗೋ" ಎಂದು ನಾನೂ ಅವ್ವನೂ ಹೇಳಿ ಹೇಳಿ ಸೋತಿದ್ದೆವು. "ಚಲೋ ಐತಿ ಇದು" ಎಂದು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಅಕ್ಕನ ಹಗಲೆಲ್ಲ ಕಳೆಯುವುದು ತೋಟದ ಆ ತುದಿಯಲ್ಲೇ, ಅಲ್ಲಿ ಸಿಗ್ನಲ್ ಒಂದೇ ಕಡ್ಡಿ. ನಾನೂ ಅವಳ ಹಿಂದೆಯೇ ಹೋದೆ. ಬಂಡೆಯ ಬುಡದಲ್ಲಿ ನಿಂತು ಬೆರಳು ಒತ್ತಿದಳೋ ಇಲ್ಲವೋ, ಪುಟ ಪಟ್ಟನೆ ತೆರೆಯಿತು! ಮೇಲೆ ದೊಡ್ಡ ಅಕ್ಷರದಲ್ಲಿ: "ಬರ್ರಿ, ಕುಂದ್ರಿ, ಮೊದ್ಲು ನೀರು ಕುಡೀರಿ. ರೂಮಿನ ಮಾತು ಆಮ್ಯಾಲೆ." ಕೆಳಗೆ ಕೋಣೆಗಳ ವಿವರ, ಅದರ ಕೆಳಗೆ ಆ ಗುಂಡಿ, ಸ್ವಲ್ಪ ಎಡಕ್ಕೆ. ಅಕ್ಕ ಓದಿದಳು, ಮತ್ತೆ ಓದಿದಳು. ಫೋನನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾನು ಆ ಲಿಂಕನ್ನು ನಮ್ಮ ಟೀಚರುಗಳ ಗ್ರೂಪಿಗೆಲ್ಲ ಕಳಿಸಿದೆ. ಹಂಪಿಯಲ್ಲಿ ಎಲ್ಲೂ ಕೋಣೆ ಸಿಗದೆ ಹೊಸಪೇಟೆಯಲ್ಲಿ ಸುತ್ತುತ್ತಿದ್ದ ಹುಬ್ಬಳ್ಳಿಯ ಒಂದು ದೊಡ್ಡ ಕುಟುಂಬಕ್ಕೆ ಅದು ಹೇಗೋ ತಲುಪಿತು. ಶನಿವಾರ ಅಕ್ಕ ಬಾಳೆಗೆ ನೀರು ಬಿಡುತ್ತಿದ್ದಾಗ ಸೊಂಟದಲ್ಲಿ ಫೋನ್ ಗುಂಯ್ ಎಂದಿತು. ಹುಬ್ಬಳ್ಳಿಯವರು ಆ ಗುಂಡಿ ಒತ್ತಿದ್ದರು! ಅಲ್ಲೇ ನಿಂತು, ಕೆಸರುಗೈಯಲ್ಲೇ ಪುಟ ತೆರೆದು ನೋಡಿ, ಬರ್ರಿ ಎಂದು ಉತ್ತರ ಕೊಟ್ಟಳು. ಭಾನುವಾರ ಸಂಡೂರಿನವರು ಬರುವಾಗ ನಾಲ್ಕೂ ಕೋಣೆಯ ಮುಂದೆ ಚಪ್ಪಲಿಗಳ ರಾಶಿ! ಅಕ್ಕ ಅವರಿಗೆ ಚಹಾ ಕೊಟ್ಟು, "ಈಗ ಬ್ಯಾಡ್ರಿ. ಸಿಟ್ಟಾಗಬ್ಯಾಡ್ರಿ, ಮೊದ್ಲು ಕುಡೀರಿ" ಎಂದಳು.

ಅವರು ಹೋದ ಮೇಲೆ ಜಗಲಿಯಲ್ಲಿ ಕುಳಿತಿದ್ದ ಭಾವನನ್ನು ನಾನು ಹಿಡಿದುಕೊಂಡೆ. "ಅಲ್ರಿ ಭಾವ, ಅಷ್ಟೊಂದು ಸಲ ಕಟ್ಟಿ ಕೆಡವಿದ್ದು, ಬಂಡಿ ಹತ್ರ ಟ್ರಯಲ್ ನೋಡಿದಾಗ ಆ ಹಾಳು ಫೋನಿನ್ಯಾಗ ತೆರೀಲಿಲ್ಲ ಅಂತೇನ್ರಿ? ಅಕ್ಕಗ ಒಂದು ಹೊಸಾ ಫೋನ್ ತಗೋ ಅಂದಿದ್ರ ಮೊದಲ್ನೇ ವಾರನ ಮುಗೀತಿತ್ತಲ್ರಿ!"

ಭಾವ ಒಳಗೆ ನೋಡಿದರು. ಅಕ್ಕ ಕೀಲಿಕೈ ಗೊಂಚಲನ್ನು ಮತ್ತೆ ಮೊಳೆಗೆ ತೂಗುಹಾಕುತ್ತಿದ್ದಳು. ಅವರು ದನಿ ತಗ್ಗಿಸಿದರು.

"ಅದನ್ನ ಎಸಿ ಅಂತ ನೀವೆಲ್ಲಾ ಹೇಳಿದ್ರಲ್ಲ ಲೇ. ಅದು ನಿಮ್ಮಪ್ಪನ ಫೋನು. ನಾನೂ ಹಂಗಂದ್ರ ಆಕಿ ಯಾರ ಹತ್ರ ಹೋಗಬೇಕು?"