ಉಸಾಬರಿ ಇಲ್ಲದ ಊರು

ಇಂಡಿ ಪಟ್ಟಣದ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ಚನ್ನಬಸಯ್ಯನಿಗೆ ಶನಿವಾರ ಸಂಜೆ ಮಾವನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅವನು ಅದರ ಅಂಚು ಹರಿಯುವಷ್ಟರಲ್ಲೇ ಪಕ್ಕದ ಮನೆಯ ಗುಂಡವ್ವ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಮಾವಗ ಮೊಣಕಾಲ ಬ್ಯಾನಿ ಕಡಿಮಿ ಆತಂತಲ್ರಿ, ಚಲೋ ಆತ ಬಿಡ್ರಿ" ಅಂದಳು. ಪತ್ರ ಬಿಚ್ಚಿ ನೋಡಿದರೆ ಒಳಗೂ ಅದೇ ಇತ್ತು.

ಮೊದಲೇ ಚನ್ನಬಸಯ್ಯ ಸಂಶಯದ ಪ್ರಾಣಿ. ಹಾಲಿನವಳು ನಕ್ಕರೆ ನೀರು ಬೆರೆಸಿದ್ದಾಳೆ ಅನ್ನುವವನು, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾಳೆ ಅನ್ನುವವನು. ಅವನ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಧರ್ಮ: ಒಬ್ಬರ ಉಸಾಬರಿಗೆ ಇನ್ನೊಬ್ಬರು ಹೋಗಬಾರದು. ಆ ಧರ್ಮ ಪಾಲಿಸುವ ಊರೊಂದು, ಕಚೇರಿಗೆ ಒಂದು ತಾಸಿನಲ್ಲಿ ಬಸ್ಸಿಗೆ ಬಂದು ಮುಟ್ಟುವಷ್ಟು ಹತ್ತಿರದಲ್ಲಿ ಸಿಕ್ಕೀತೇ ಎಂದು ಮೂರು ತಿಂಗಳಿಂದ ಹುಡುಕುತ್ತಿದ್ದ. ಸಿಂದಗಿ ದೂರವಾಯಿತು. ಸಾಲೋಟಗಿಯಲ್ಲಿ ಬಸ್ಸಿಳಿಯುವ ಮೊದಲೇ ಒಬ್ಬ ಹೆಸರು ಕೇಳಿಬಿಟ್ಟ, ಇವನು ಇಳಿಯಲೇ ಇಲ್ಲ.

"ಯಾರೂ ಏನೂ ಕೇಳದ ಊರು ಅಂದ್ರ ಸುಡುಗಾಡ ಒಂದ ನೋಡ್ರಿ" ಎಂದು ಹೆಂಡತಿ ರೇವವ್ವ ಹೇಳಿಯೇ ಹೇಳಿದಳು. ಚನ್ನಬಸಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ರವಿವಾರ ಛತ್ರಿ ಹಿಡಿದು ಮುಂಜಾನೆಯ ಬಸ್ಸಿಗೆ ಬೆನಕನಾಳದಲ್ಲಿ ಇಳಿದ.

ಚಹದಂಗಡಿಯ ಅಬ್ದುಲರಜಾಕ ಚಹದ ಕಪ್ಪು-ಬಸಿ ಮುಂದಿಡುತ್ತ, "ಯಾವ ಕಡಿಂದ ಬಂದ್ರಿ?" ಅಂದ.

"ಅದನ್ನ ಕಟ್ಗೊಂಡು ನೀವೇನ್ ಮಾಡ್ತೀರಿ?"

ಅಬ್ದುಲರಜಾಕ ಒಲೆಯ ಕಡೆ ತಿರುಗಿದ. ಎದುರಿಗೇ ಊರಿನ ರೈತ ರಾಚಪ್ಪನ ಖಾಲಿ ಮನೆಯೊಂದು ಬಾಗಿಲು ತೆರೆದುಕೊಂಡಿತ್ತು. ಚನ್ನಬಸಯ್ಯ ನೇರ ಒಳಗೆ ಹೋದ. ನೆಲದಲ್ಲಿ ಇಲಿ ಬಿಲ ಇದ್ದೀತೆಂಬ ಗುಮಾನಿಯಿಂದ ಛತ್ರಿಯ ತುದಿಯಿಂದ ಪಡಸಾಲೆಯ ಉದ್ದಕ್ಕೂ ಕುಟ್ಟಿ, ಕಿವಿಗೊಟ್ಟು, ಮತ್ತೆ ಕುಟ್ಟಿದ.

ಅಷ್ಟೇ, ಊರಿಗೆ ಊರೇ ಮೌನವಾಯಿತು. ಕಟ್ಟೆಯ ಮೇಲೆ ಕುಳಿತವರು ಎದ್ದು ಹೋದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನೀರು ತರುತ್ತಿದ್ದ ಮುದುಕಿ ಸಾತವ್ವ ಇವನನ್ನು ಕಂಡು ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಚನ್ನಬಸಯ್ಯನ ಕಣ್ಣು ತುಂಬಿ ಬಂತು. ಯಾರೂ ಕೇಳುವುದಿಲ್ಲ, ಯಾರೂ ಇಣುಕುವುದಿಲ್ಲ! ಇಂಥ ಸಂಭಾವಿತ ಊರು ಇಂಡಿಯಿಂದ ಮುಕ್ಕಾಲು ತಾಸಿನ ದಾರಿಯಲ್ಲಿದೆ ಎಂದರೆ ಅವನಿಗೆ ನಂಬಿಕೆಯೇ ಆಗಲಿಲ್ಲ.

ರಾಚಪ್ಪ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ.

"ಮನಿ ಬಾಡಿಗಿಗೆ ಬೇಕಾಗಿತ್ತು" ಅಂದ ಚನ್ನಬಸಯ್ಯ.

"ಕೊಡೂದಿಲ್ರಿ. ಖಾಲಿ ಇಲ್ರಿ."

"ಖಾಲಿ ಕಾಣಾಕತ್ತೇತಲ್ಲ?"

ಛತ್ರಿ ಕುಟ್ಟುತ್ತ ಅವನು ಅಂಗಳಕ್ಕೆ ಬಂದ. ಅಲ್ಲಿ ಹಾಸುಗಲ್ಲಿನ ಮೇಲೆ ದೊಡ್ಡ ಎಮ್ಮೆಯೊಂದನ್ನು ಕಟ್ಟಿದ್ದರು. ರಾಚಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ. "ಅತ್ಲಾಗ ಬ್ಯಾಡ್ರಿ, ಎಮ್ಮಿ ಹಾಯ್ತೈತಿ!"

ಎಮ್ಮೆ ಮಾತ್ರ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅಷ್ಟರಲ್ಲಿ ಅಬ್ದುಲರಜಾಕ ಏದುಸಿರು ಬಿಡುತ್ತ ಬಂದು ರಾಚಪ್ಪನ ಕಿವಿಯಲ್ಲಿ ಏನೋ ಊದಿದ. ರಾಚಪ್ಪನ ಮುಖ ಅರಳಿತು.

"ತಗೋರಿ ಕೀಲಿ! ಮನಿ ನಿಮ್ದ ಆತು."

ಚನ್ನಬಸಯ್ಯನ ಹುಬ್ಬು ಮೇಲೇರಿತು. "ಈಗರೆ ಕೊಡೂದಿಲ್ಲ ಅಂದ್ರಿ?"

"ಮಂದಿ ಉಸಾಬರಿಗೆ ಹೋಗದ ದೊಡ್ಡ ಮನಷ್ಯಾರು ನೀವು ಅಂತ ಈಗ ತಿಳೀತ್ರಿ. ನಮಗೂ ಅಂಥವ್ರ ಬೇಕು."

ಹುಟ್ಟಿದಾಗಿನಿಂದ ಯಾರೂ ಅವನನ್ನು ಹೀಗೆ ಹೊಗಳಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಸಂಶಯ ನಿದ್ದೆ ಹೋಯಿತು. ಕರಾರುಪತ್ರ ಅಲ್ಲೇ ತಯಾರಾಯಿತು. "ಇವತ್ತಿನ ದಿನ ಚಲೋ ಇಲ್ರಿ, ಹ್ವಾದ ಹುಣ್ಣಿಮಿ ತಾರೀಖು ಹಾಕೂಣು" ಎಂದ ರಾಚಪ್ಪ. ಶುಭಕಾರ್ಯಕ್ಕೆ ಶುಭದಿನ ಇದ್ದರೆ ತಪ್ಪೇನು ಎಂದು ಚನ್ನಬಸಯ್ಯ ಸಹಿ ಹಾಕಿದ.

"ಎಮ್ಮಿ ಅಲ್ಲೇ ಇರ್ಲೇನ್ರಿ?"

"ಇರ್ಲಿ ಇರ್ಲಿ. ಅದೇನ್ ನನ್ನ ಕೇಳ್ತೈತಿ?"

ಕೀಲಿಯನ್ನು ಕಿಸೆಗೆ ಹಾಕಿಕೊಳ್ಳುವಷ್ಟರಲ್ಲಿ ಧೂಳೆಬ್ಬಿಸುತ್ತ ಸರಕಾರಿ ಜೀಪು ಬಂದು ಬಾಗಿಲಿಗೇ ನಿಂತಿತು. ಲೆವಿ ವಸೂಲಿಯ ಸಾಹೇಬ ಇಳಿದ, ಹಿಂದೆ ಹಾರೆ ಹಿಡಿದ ಇಬ್ಬರು ಜವಾನರು. ಯಾರೋ ಪುಣ್ಯಾತ್ಮ ಚಾಡಿ ಹೇಳಿದ್ದ. ಅವರು ಎಡಬಲ ನೋಡದೆ ಅಂಗಳಕ್ಕೆ ಹೋಗಿ, ಎಮ್ಮೆ ಬಿಚ್ಚಿ, ಹಾಸುಗಲ್ಲು ಎತ್ತಿದರು. ಕೆಳಗೆ ಹಗೇವು, ಅದರ ತುಂಬ ಬಿಳಿಜೋಳ.

ಆ ವರ್ಷ ಸರಕಾರ ರೈತರಿಂದ ತಾನು ಗೊತ್ತು ಮಾಡಿದ ದರಕ್ಕೆ ಕಡ್ಡಾಯವಾಗಿ ಲೆವಿ ಜೋಳ ವಸೂಲು ಮಾಡುತ್ತಿತ್ತು. ಕೊಡಲು ಮನಸ್ಸಿಲ್ಲದ ಅರ್ಧ ಬೆನಕನಾಳ ತನ್ನ ಜೋಳವನ್ನು ಈ ನೆಲದೊಳಗಿನ ಕಣಜದಲ್ಲಿ ಅಡಗಿಸಿತ್ತು. ಹೆಸರು ಹೇಳದೆ ನೆಲ ಕುಟ್ಟುತ್ತ ಬಂದ ಚನ್ನಬಸಯ್ಯನನ್ನೇ ಊರು ಲೆವಿ ಸಾಹೇಬನೆಂದು ತಿಳಿದು ಬಾಯಿಗೆ ಬೀಗ ಹಾಕಿಕೊಂಡಿತ್ತು. ನಿಜವಾದ ಸಾಹೇಬನ ಜೀಪು ಸಾಲೋಟಗಿ ದಾಟಿತು ಎಂಬುದೇ ಅಬ್ದುಲರಜಾಕ ತಂದ ಸುದ್ದಿ.

"ಯಾರ ಮನಿ ಇದು?" ಗುಡುಗಿದ ಸಾಹೇಬ.

ರಾಚಪ್ಪ ವಿನಯದಿಂದ ಕರಾರುಪತ್ರ ಮುಂದೆ ಹಿಡಿದ. "ಹುಣ್ಣಿಮಿಂದ ಇವ್ರಿಗೆ ಬಾಡಿಗಿ ಕೊಟ್ಟೇನ್ರಿ. ಒಳಗ ಏನ್ ಇಟ್ಕೊಂಡಾರ ಅಂತ ನಾ ಹೆಂಗ ಕೇಳ್ಲಿ?"

"ಸುಳ್ಳು! ನಾ ಇವತ್ತ ಬಂದೇನ್ರಿ, ಮುಂಜಾನಿ ಬಸ್ಸಿಗೆ! ಈ ಚಾದಂಗಡಿಯವ್ರನ್ನ ಕೇಳ್ರಿ!" ಚನ್ನಬಸಯ್ಯ ಛತ್ರಿಯನ್ನು ಅಬ್ದುಲರಜಾಕನ ಕಡೆ ಚಾಚಿದ. ಕಚೇರಿಗೆ ಸುದ್ದಿ ಹೋದರೆ ನೌಕರಿಯ ಗತಿ ಏನು?

ಅಬ್ದುಲರಜಾಕ ಕೈ ಮುಗಿದ. "ಯಾರು ಯಾವಾಗ ಬಂದ್ರು, ಯಾಕ ಬಂದ್ರು, ನಾವು ಕೇಳಾಕ ಹೋಗೂದಿಲ್ರಿ ಸಾಹೇಬ್ರ."

"ನೀವು ನೋಡೀರಲ್ಲ ಅವ್ವಾ?" ಚನ್ನಬಸಯ್ಯ ಬಾಗಿಲಲ್ಲಿ ನಿಂತಿದ್ದ ಸಾತವ್ವನ ಕಡೆ ತಿರುಗಿದ.

"ನನಗ ಕಣ್ಣ ಕಾಣೂದಿಲ್ಲೋ ಯಪ್ಪಾ" ಎಂದು ಸಾತವ್ವ ಕೊಡ ಎತ್ತಿಕೊಂಡು ಸರಸರ ನಡೆದಳು.

ಜವಾನ ರಟ್ಟೆ ಹಿಡಿದು ಜೀಪಿಗೆ ಹತ್ತಿಸುತ್ತಿದ್ದಾಗ ಚನ್ನಬಸಯ್ಯ ಹೊರಗೆ ಕತ್ತು ಚಾಚಿ ಗಂಟಲು ಹರಿಯುವಂತೆ ಕೂಗಿದ. "ನನ್ನ ಹೆಸರು ಕೇಳ್ರಿ! ಮನಿ ಮಂದಿ ಕೇಳ್ರಿ! ಏನರೆ ಕೇಳ್ರಪ್ಪೋ, ಎಲ್ಲಾ ಹೇಳ್ತೇನಿ!"

ಬೆನಕನಾಳದವರು ಬಲು ಮರ್ಯಾದಸ್ಥರು. ಜೀಪು ಹೊರಟಾಗ ಅವನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂದು ಸಹ ಒಬ್ಬರೂ ಕೇಳಲಿಲ್ಲ.