ಖಾಲಿ ಕೋಣೆಯ ಹಾಜರಿ

ಜ್ಞಾನಕ್ಕೆ ಗೋಡೆಗಳಿಲ್ಲ ಎಂಬುದು ತಿಳಿದವರ ಮಾತು. ಗೋಡೆಯಿಲ್ಲದೆ ಕರಿಹಲಗೆಯನ್ನು ಎಲ್ಲಿ ತೂಗುಹಾಕಬೇಕೆಂದು ಮಾತ್ರ ಅವರು ತಿಳಿಸಿಲ್ಲ. ಶಿಕಾರಿಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಬೋಧಿಸಿದ ನಾನು, ನಿವೃತ್ತಿಗೆ ಎರಡು ತಿಂಗಳಿರುವಾಗ ಆ ಗೋಡೆಯಿಲ್ಲದ ಲೋಕವನ್ನು ಪ್ರವೇಶಿಸಿದೆ. ದೂರಶಿಕ್ಷಣದ ಬಿ.ಎ. ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ವಿಡಿಯೋ ಮಾಡಬೇಕು, ಉನ್ನತ ಶಿಕ್ಷಣ ನಾಡಿನ ಮೂಲೆಮೂಲೆಗೂ ಹರಿಯಬೇಕು ಎಂದು ಆದೇಶ ಬಂದಿತ್ತು. ಹರಿಯಬೇಕಾದದ್ದು ನನ್ನಿಂದ.

ಲೈಬ್ರರಿಯನ್ ಬಸಪ್ಪ ಹಳೆಯ ದಫ್ತರುಗಳ ಕೋಣೆಯಲ್ಲಿ ಮೊಬೈಲು ನಿಲ್ಲಿಸಿ, "ಸುರು ಮಾಡ್ರಿ ಸರ, ನಲವತ್ತೇ ನಿಮಿಷ. ಹುಡುಗ್ರು ಎದುರಿಗೇ ಕುಂತಾರೆ ಅಂತ ತಿಳ್ಕಳ್ರಿ" ಎಂದ. ತಿಳಿದುಕೊಂಡೆ. ಅದೇ ತಪ್ಪಾಯಿತು. ಹುಡುಗರು ಎದುರಿಗಿದ್ದರೆ ಹಾಜರಿಯಾಗದೆ ನನ್ನ ಪಾಠ ಹೊರಡದು. ಕೈಗೆ ಸಿಕ್ಕ ಹಾಜರಿ ಪುಸ್ತಕ ತೆರೆದೆ. ಅದು ಇಪ್ಪತ್ತು ವರ್ಷ ಹಿಂದಿನದು, ತೊಂಬತ್ತು ಹೆಸರು. ಒಂದೊಂದು ಹೆಸರಿಗೂ ಒಂದೊಂದು ದನಿ ನೆನಪಾಯಿತು: ಗೆಳೆಯನಿಗಾಗಿ ದನಿ ಬದಲಿಸಿ 'ಎಸ್ ಸಾರ್' ಎನ್ನುತ್ತಿದ್ದ ಉಡುತಡಿಯ ಮಲ್ಲೇಶಿ, ಬಸ್ಸು ತಡವಾಗಿ ಬಾಗಿಲಿಂದಲೇ ಕೂಗುತ್ತಿದ್ದ ಚಂದ್ರಗುತ್ತಿಯ ಗಿರಿಜಾ. ಪ್ರತಿಯೊಬ್ಬರಿಗೂ ಉತ್ತರಿಸಲು ಬಿಡುವು ಕೊಟ್ಟು, ತಲೆಯೆತ್ತಿ ನೋಡಿ, ಮುಂದಕ್ಕೆ ಹೋದೆ. ಆಮೇಲೆ ಬೇಡಿಕೆ ನಿಯಮ ಶುರುಮಾಡಿದೆ, ಅರ್ಧದಲ್ಲೇ ನಲವತ್ತು ನಿಮಿಷ ಮುಗಿಯಿತು. ಬಸಪ್ಪ ತೂಕಡಿಸುತ್ತಿದ್ದ. ಎಚ್ಚರವಾದ ಮೇಲೆ ವಿಡಿಯೋವನ್ನು ಹಾಗೆಯೇ ಕಳಿಸಿಬಿಟ್ಟ.

ಕೆಲವು ದಿನಗಳ ನಂತರ ಫೋನು ಬಂತು. "ಸಾರ್, ನಾನು ಗಿರಿಜಾ. ಎರಡ್ನೇ ವರ್ಷದಲ್ಲಿ ಮದುವೆಯಾಗಿ ಕಾಲೇಜು ಬಿಟ್ನಲ್ಲ, ಚಂದ್ರಗುತ್ತಿಯವಳು. ಈಗ ಅಂಗನವಾಡಿ ಟೀಚರ್, ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದೀನಿ. ಮಕ್ಳಿಗೆ ಉಪ್ಪಿಟ್ಟು ಬಡಿಸ್ತಾ ನಿಮ್ಮ ಪಾಠ ಹಾಕಿದ್ದೆ. ನನ್ನ ಹೆಸರು ಕರೆದ್ರಿ! 'ಎಸ್ ಸಾರ್' ಅಂದೇಬಿಟ್ಟೆ. ನನ್ನ ನೋಡಿ ಮಕ್ಳೆಲ್ಲ 'ಎಸ್ ಸಾರ್' ಅಂದ್ವು."

ನನ್ನ ಕಣ್ಣು ಒದ್ದೆಯಾಯಿತು. "ಇಪ್ಪತ್ತು ವರ್ಷದ ಗೈರುಹಾಜರಿ ಮನ್ನಾ ಮಾಡಿದೀನಮ್ಮ" ಎಂದೆ.

"ಅದಿರ್ಲಿ ಸಾರ್. ಹಾಜರಿಗೇ ಹದಿನೈದು ನಿಮಿಷ ಹೋಯ್ತು, ಬೇಡಿಕೆ ನಿಯಮ ಅರ್ಧಕ್ಕೇ ನಿಂತಿದೆ. ಪರೀಕ್ಷೆ ಬರೋ ವಾರ. ಈ ಸಲ ಡಿಗ್ರಿ ಆಗ್ದಿದ್ರೆ ಸೂಪರ್‌ವೈಸರ್ ಹುದ್ದೆಗೆ ನನ್ನ ವಯಸ್ಸು ಮೀರತ್ತೆ."

"ಭಾನುವಾರ ಮನೆಗೆ ಬಾ. ಪಾಠ ಅಂದರೆ ಎದುರಿಗೆ ಕೂತು ಕಲಿಯೋದು."

"ಸೊರಬದಲ್ಲಿ ಬಸ್ ಬದಲಿಸಿ ಬರ್ಬೇಕಲ್ಲ ಸಾರ್..." ಎಂದು ರಾಗ ಎಳೆದಳು.

ಭಾನುವಾರ ಜಗಲಿಯಲ್ಲಿ ಹಲಗೆ ಒರಗಿಸಿ, ಇಸ್ತ್ರಿಯ ಶರಟು ತೊಟ್ಟು, ಒಗ್ಗರಣೆ ಅವಲಕ್ಕಿಗೆ ಹೆಂಡತಿಗೆ ಹೇಳಿ ಕುಳಿತೆ. ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಹೆಂಡತಿ, "ಹಾಜರಿ ಕರೀರಿ, ಬಂದ್ರೂ ಬಂದಾಳು" ಎಂದು ಅವಲಕ್ಕಿಯನ್ನು ನನ್ನ ಮುಂದಿಟ್ಟು ಹೋದಳು.

ಗಿರಿಜಾ ಬರಲಿಲ್ಲ. ಉಳಿದರ್ಧವನ್ನು ಬೇರೆ ಯಾರೋ ಮೇಷ್ಟ್ರ ವಿಡಿಯೋ ನೋಡಿ ಕಲಿತಳಂತೆ. ಪಾಸಾದಳು.